ಆ ರೈತ ಯಾವ ಊರಿನವನು?

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಕಂಡದ್ದನ್ನೂ ಒರೆಗೆ ಹಚ್ಚಬೇಕೆಂಬ ಈ ಮಾತು ಬಹುಕಾಲ ಒಂದು ಬುದ್ಧಿವಾದವಾಗಿಯಷ್ಟೇ ಉಳಿದಿತ್ತು. ಇಂದು ಅದು ನಿತ್ಯದ ಅಗತ್ಯವಾಗಿ ಪರಿಣಮಿಸಿದೆ. ಮೊಬೈಲಿನಲ್ಲಿ ಒಂದೆರಡು ವಾಕ್ಯ ಬರೆದರೆ ಸಾಕು, ಕೃತಕ ಬುದ್ಧಿಮತ್ತೆಯ ತಂತ್ರಾಂಶವು ಕ್ಯಾಮೆರಾ ಇಲ್ಲದೆ, ನಟರಿಲ್ಲದೆ, ಸ್ಥಳಕ್ಕೆ ಕಾಲಿಡದೆ ಕೆಲವೇ ನಿಮಿಷಗಳಲ್ಲಿ ವಿಡಿಯೊ ತುಣುಕೊಂದನ್ನು ಸಿದ್ಧಪಡಿಸಿ ಕೊಡುತ್ತದೆ. 2024ರ ಡಿಸೆಂಬರಿನಲ್ಲಿ ಓಪನ್‌ಎಐ ಸಂಸ್ಥೆಯ ‘ಸೋರಾ’ ಸಾರ್ವಜನಿಕರ ಕೈಗೆ ಬಂದಿತು. 2025ರ ಮೇ ತಿಂಗಳಿನಲ್ಲಿ ಗೂಗಲ್ ಸಂಸ್ಥೆಯು ‘ವಿಯೋ 3’ನ್ನು ಹೊರತಂದು, 8 ಸೆಕೆಂಡಿನ ಚಿತ್ರಕ್ಕೆ ಮಾತು ಮತ್ತು ಸದ್ದನ್ನೂ ಜೋಡಿಸಿತು. ಅದೇ ವರ್ಷ ಕನ್ನಡದಲ್ಲಿಯೇ ‘ಲವ್ ಯೂ’ ಎಂಬ ಪೂರ್ಣ ಪ್ರಮಾಣದ ಚಿತ್ರವು ಈ ವಿಧಾನದಿಂದ, ಸುಮಾರು 10 ಲಕ್ಷ ರೂಪಾಯಿಗಳ ವೆಚ್ಚದಲ್ಲಿ ತಯಾರಾಯಿತು. ಹೀಗಾಗಿ ಇದು ದೂರದ ದೇಶದ ಸುದ್ದಿಯಲ್ಲ. ಕೂಡ್ಲಿಗಿಯ ಕಾಲೇಜು ಹುಡುಗನೂ ಕೊಟ್ಟೂರಿನ ಅಂಗಡಿಯವನೂ ಇಂದು ಇಂತಹ ಚಿತ್ರಗಳನ್ನು ತಯಾರಿಸಬಲ್ಲರು.

ಈ ಹಿನ್ನೆಲೆಯಲ್ಲಿ ನಮ್ಮ ಬಳಗದ ವಿದ್ಯಾರ್ಥಿ ಮಿತ್ರರು ಮುಂದಿಟ್ಟಿರುವ ಪ್ರಶ್ನೆಯೊಂದು ಗಂಭೀರ ಚಿಂತನೆಗೆ ಅರ್ಹವಾಗಿದೆ. ‘ನಮ್ಮ ಬಳಿ ಹಣವಿಲ್ಲ, ಒಳ್ಳೆಯ ಕ್ಯಾಮೆರಾ ಇಲ್ಲ. ಗುಡ್ಡ, ಕೆರೆ, ಕಾಡುಪ್ರಾಣಿ, ಮಳೆಯಾಶ್ರಿತ ಬೇಸಾಯ ಇವುಗಳ ಕುರಿತ ಜಾಗೃತಿ ಚಿತ್ರಗಳನ್ನು ಈ ತಂತ್ರಾಂಶದಿಂದಲೇ ಏಕೆ ತಯಾರಿಸಬಾರದು?’ ಎಂಬುದು ಅವರ ಕೇಳಿಕೆ. ಹೊಸದೆಂಬ ಕಾರಣಕ್ಕೆ ಇದನ್ನು ತಳ್ಳಿಹಾಕುವುದು ಸರಿಯಲ್ಲ. ಅಗ್ಗವೆಂಬ ಕಾರಣಕ್ಕೆ ಅಪ್ಪಿಕೊಳ್ಳುವುದೂ ಸರಿಯಲ್ಲ. ಚಳವಳಿಯೊಂದಕ್ಕೆ ಚಿತ್ರವು ಯಾವ ಕೆಲಸ ಮಾಡಿಕೊಡುತ್ತದೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು.

ಈ ತಂತ್ರಾಂಶದ ಕಾರ್ಯವಿಧಾನವನ್ನು ಸರಳವಾಗಿ ಹೀಗೆ ಹೇಳಬಹುದು. ಕೋಟ್ಯಂತರ ಚಿತ್ರಗಳನ್ನೂ ವಿಡಿಯೊಗಳನ್ನೂ ಅವುಗಳ ವಿವರಣೆಯೊಂದಿಗೆ ಗಣಕಕ್ಕೆ ಉಣಿಸಲಾಗುತ್ತದೆ. ಯಾವ ಪದದೊಡನೆ ಯಾವ ಆಕಾರ, ಬಣ್ಣ, ಚಲನೆ ಹೆಚ್ಚಾಗಿ ಕೂಡಿ ಬರುತ್ತದೆ ಎಂಬುದನ್ನು ಅದು ಲೆಕ್ಕದ ರೂಪದಲ್ಲಿ ಕಲಿಯುತ್ತದೆ. ನಾವು ವಾಕ್ಯ ಬರೆದಾಗ ಅದು ಅರ್ಥವಿಲ್ಲದ ಚುಕ್ಕೆಗಳ ರಾಶಿಯಿಂದ ಆರಂಭಿಸಿ, ಹಂತಹಂತವಾಗಿ ಗೊಂದಲವನ್ನು ಕಳೆಯುತ್ತ, ಆ ವಾಕ್ಯಕ್ಕೆ ಹೊಂದುವ ದೃಶ್ಯವನ್ನು ಮೂಡಿಸುತ್ತದೆ. ಅಂದರೆ ಅದು ನೀಡುವುದು ಎಲ್ಲಿಯೂ ನಡೆದ ಘಟನೆಯಲ್ಲ. ನಡೆದಿದ್ದರೆ ಹೀಗೆ ಕಾಣಬಹುದಿತ್ತೆಂಬ ಊಹೆ. ಆ ಊಹೆ ಎಷ್ಟೇ ನಯವಾಗಿರಲಿ, ಅದಕ್ಕೆ ದಿನಾಂಕವಿಲ್ಲ, ಸ್ಥಳವಿಲ್ಲ, ಸಾಕ್ಷಿಯಿಲ್ಲ.

ಪರಿಸರ ಚಳವಳಿಗೆ ಇವು ಮೂರೂ ಜೀವಾಳ. ಕುದುರೆಮುಖದ ಉದಾಹರಣೆಯನ್ನು ನೆನೆಯೋಣ. ಅಲ್ಲಿನ ಕಬ್ಬಿಣದ ಗಣಿಗಾರಿಕೆಯಿಂದ ಭದ್ರಾ ನದಿಗೆ ಸೇರುತ್ತಿದ್ದ ಹೂಳು, ಕಡಿದು ಬೋಳಾದ ಬೆಟ್ಟ, ಇವನ್ನು ಶೇಖರ್ ದತ್ತಾತ್ರಿಯವರು 2001ರಲ್ಲಿ ಒಂದು ಕಿರುಚಿತ್ರದಲ್ಲಿ ದಾಖಲಿಸಿದರು. ವರದಿಗಳನ್ನು ಓದದವರೂ ಆ ಕೆಂಪು ನೀರನ್ನು ಕಂಡರು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಒಂದು ಕಿರುಚಿತ್ರದಿಂದಲೇ ಗಣಿ ನಿಂತಿತೆಂದು ಯಾರೂ ಹೇಳಲಾರರು. ವರ್ಷಗಳ ಹೋರಾಟ, ಅಧ್ಯಯನ, ಕಾನೂನಿನ ವಾದ ಅದರ ಹಿಂದಿದ್ದವು. ಆದರೆ ಆ ಚಿತ್ರದ ಶಕ್ತಿ ಇದ್ದದ್ದು ಅದರ ಅಂದದಲ್ಲಲ್ಲ. ಆ ಬೆಟ್ಟ ನಿಜವಾಗಿಯೂ ಅಲ್ಲಿತ್ತು, ಆ ನೀರು ನಿಜವಾಗಿಯೂ ಹಾಗೆ ಹರಿಯುತ್ತಿತ್ತು, ಸಂಶಯವುಳ್ಳವರು ಹೋಗಿ ನೋಡಬಹುದಿತ್ತು.

ನಮ್ಮ ನೆರೆಯ ಸಂಡೂರಿನ ಕಥೆಯೂ ಇದೇ. ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಬಿತ್ತು. 2013ರ ಏಪ್ರಿಲ್ ತೀರ್ಪಿನಲ್ಲಿ ಅತಿ ಹೆಚ್ಚು ಅಕ್ರಮ ಕಂಡುಬಂದ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಈ ಅವಧಿಯಲ್ಲಿ ಗಡಿಗಲ್ಲುಗಳ ಜಂಟಿ ಅಳತೆ, ಉಪಗ್ರಹ ಚಿತ್ರ, ಸ್ಥಳ ಪರಿಶೀಲನೆ ಎಲ್ಲವೂ ನಡೆದವು. ಕುದುರೆಮುಖದಲ್ಲಿ ಗಣಿ ನಡೆಸಿದ್ದ ಕೆಐಒಸಿಎಲ್ ಸಂಸ್ಥೆಯೇ ಸಂಡೂರಿನ ದೇವದಾರಿ ಬೆಟ್ಟಕ್ಕೆ ಬರಲು ಮುಂದಾದ ವಿಷಯ 2024ರಲ್ಲಿ ಮತ್ತೆ ಚರ್ಚೆಗೆ ಬಂದದ್ದನ್ನು ಓದುಗರು ಬಲ್ಲರು. ಇಂತಹ ವಿವಾದಗಳಲ್ಲಿ ಎದುರು ಪಕ್ಷದವರು ಕೇಳುವ ಮೊದಲ ಪ್ರಶ್ನೆ, ‘ಈ ಚಿತ್ರ ಎಲ್ಲಿಯದು, ಯಾವಾಗಿನದು, ತೆಗೆದವರು ಯಾರು?’ ಎಂಬುದೇ ಆಗಿರುತ್ತದೆ. ಉತ್ತರವಿದ್ದರೆ ಚಿತ್ರ ನಿಲ್ಲುತ್ತದೆ, ಇಲ್ಲದಿದ್ದರೆ ಬೀಳುತ್ತದೆ.

ಈಗ ಊಹಿಸಿಕೊಳ್ಳಿ. ಧೂಳು ಮುಸುಕಿದ ಹಳ್ಳಿ, ಉರುಳುವ ಮರಗಳು, ಅಳುವ ಮುದುಕಿ ಇಂಥದ್ದೊಂದು ದೃಶ್ಯವನ್ನು ನಾವು ತಂತ್ರಾಂಶದಿಂದ ತಯಾರಿಸಿ ಹಂಚಿದೆವು ಎನ್ನೋಣ. ಉದ್ದೇಶ ಒಳ್ಳೆಯದೇ. ಆದರೆ ಅದು ಯಂತ್ರದ ಸೃಷ್ಟಿಯೆಂದು ಒಮ್ಮೆ ಬಯಲಾದರೆ, ಮರುದಿನ ನಮ್ಮ ಹುಡುಗರು ಗುಡ್ಡದ ಮೇಲೆ ನಿಂತು, ಜೀವ ಕೈಯಲ್ಲಿ ಹಿಡಿದು ತೆಗೆದ ನೈಜ ವಿಡಿಯೊವನ್ನೂ ‘ಇದೂ ಅದೇ ಬಗೆಯದು’ ಎಂದು ತಳ್ಳಿಹಾಕಲು ದಾರಿ ಮಾಡಿಕೊಟ್ಟಂತಾಗುತ್ತದೆ. ಸುಳ್ಳು ಚಿತ್ರಗಳ ಕಾಲದಲ್ಲಿ ಹೆಚ್ಚು ಲಾಭ ಪಡೆಯುವವನು ಸುಳ್ಳನ್ನು ನಂಬಿಸುವವನಲ್ಲ, ನಿಜವನ್ನು ಅಲ್ಲಗಳೆಯುವವನು. ಹಣ, ಅಧಿಕಾರ ಎರಡೂ ಇಲ್ಲದ ಚಳವಳಿಗೆ ಇರುವ ಒಂದೇ ಬಂಡವಾಳ ವಿಶ್ವಾಸ. ಅದನ್ನು ಎಂಟು ಸೆಕೆಂಡಿನ ಚಿತ್ರಕ್ಕೆ ಅಡವಿಡುವುದು ವಿವೇಕವಲ್ಲ.

ಕೃಷಿ ವಿಸ್ತರಣೆಯ ಕ್ಷೇತ್ರದಲ್ಲಿ ಕರ್ನಾಟಕದ್ದೇ ಆದ ಒಂದು ಅನುಭವ ಈ ವಿಷಯದಲ್ಲಿ ದಾರಿದೀಪವಾಗಬಲ್ಲದು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರಿಕಿನ್ ಗಾಂಧಿ ಮತ್ತು ಸಂಗಡಿಗರು, ಗ್ರೀನ್ ಫೌಂಡೇಶನ್ನಿನ ಸಹಕಾರದೊಂದಿಗೆ ‘ಡಿಜಿಟಲ್ ಗ್ರೀನ್’ ಎಂಬ ಪ್ರಯೋಗವನ್ನು ಆರಂಭಿಸಿದರು. ಊರಿನ ರೈತರೇ ತಮ್ಮ ಹೊಲದಲ್ಲಿ ನಿಂತು ಕೆಲಸ ಮಾಡಿ ತೋರಿಸುವುದು, ಅದನ್ನು ಸಾಧಾರಣ ಕ್ಯಾಮೆರಾದಲ್ಲಿ ಚಿತ್ರೀಕರಿಸುವುದು, ಸಂಜೆಯ ವೇಳೆ ಅಕ್ಕಪಕ್ಕದ ಊರುಗಳಲ್ಲಿ ತೋರಿಸುವುದು, ಸ್ಥಳೀಯ ಕಾರ್ಯಕರ್ತರೊಬ್ಬರು ನಡುನಡುವೆ ಚಿತ್ರ ನಿಲ್ಲಿಸಿ ಚರ್ಚೆ ನಡೆಸುವುದು, ಇಷ್ಟೇ ಅದರ ಸ್ವರೂಪ. 16 ಹಳ್ಳಿಗಳಲ್ಲಿ 13 ತಿಂಗಳು ನಡೆದ ಪರೀಕ್ಷೆಯಲ್ಲಿ, ಅಧಿಕಾರಿಗಳು ಭೇಟಿ ನೀಡಿ ತರಬೇತಿ ಕೊಡುವ ಹಳೆಯ ಪದ್ಧತಿಗಿಂತ ಕೆಲವು ಬೇಸಾಯ ಕ್ರಮಗಳ ಅಳವಡಿಕೆ ಏಳು ಪಟ್ಟು ಹೆಚ್ಚಿತೆಂದೂ, ಖರ್ಚಿನ ಲೆಕ್ಕದಲ್ಲಿ ಹತ್ತು ಪಟ್ಟು ಪರಿಣಾಮಕಾರಿಯೆಂದೂ ಅವರ ಪ್ರಾಥಮಿಕ ಫಲಿತಾಂಶಗಳು ತಿಳಿಸಿದವು.

ಈ ಅಂಕಿಗಳಿಗಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಚಿತ್ರ ನೋಡಿದ ರೈತರು ಮೊದಲು ಕೇಳುತ್ತಿದ್ದುದು ಗೊಬ್ಬರದ ಪ್ರಮಾಣವನ್ನಲ್ಲ, ಇಳುವರಿಯನ್ನೂ ಅಲ್ಲ. ‘ಆ ರೈತನ ಹೆಸರೇನು? ಯಾವ ಊರಿನವನು?’ ಎಂಬುದೇ ಅವರ ಮೊದಲ ಪ್ರಶ್ನೆಯಾಗಿತ್ತು. ನಮ್ಮಂಥವನೊಬ್ಬ, ನಮ್ಮಂಥದೇ ನೆಲದಲ್ಲಿ, ನಮ್ಮಷ್ಟೇ ಮಳೆಯಲ್ಲಿ ಇದನ್ನು ಮಾಡಿದ್ದಾನೆ, ಬೇಕಾದರೆ ಹೋಗಿ ಕೇಳಿಬರಬಹುದು ಎಂಬ ಭರವಸೆಯೇ ಅಳವಡಿಕೆಯ ಮೂಲ. ಯಂತ್ರವು ಸೃಷ್ಟಿಸಿದ ರೈತನಿಗೆ ಪೇಟವಿರಬಹುದು, ಎತ್ತುಗಳಿರಬಹುದು, ಶುದ್ಧ ಕನ್ನಡವೂ ಬರಬಹುದು. ಆದರೆ ಆ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ. ಅವನಿಗೆ ಊರಿಲ್ಲ, ಸಾಲವಿಲ್ಲ, ಬೆಳೆ ಹೋದ ವರ್ಷವಿಲ್ಲ.

ಬೇಸಾಯದ ಮಾಹಿತಿಯಲ್ಲಿ ತಪ್ಪಿನ ಬೆಲೆಯೂ ದೊಡ್ಡದು. ಹರಪನಹಳ್ಳಿ, ಕೊಟ್ಟೂರು ಸೀಮೆಯ ಮೆಕ್ಕೆಜೋಳದ ರೈತರಿಗೆ ಫಾಲ್ ಸೈನಿಕ ಹುಳುವಿನ ಕಾಟ ಹೊಸದೇನಲ್ಲ. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಿನಲ್ಲಿ, ನಮ್ಮದೇ ರಾಜ್ಯದ ಶಿವಮೊಗ್ಗದಲ್ಲಿ. ಇತರ ಹುಳುಗಳಿಂದ ಅದನ್ನು ಬೇರ್ಪಡಿಸುವುದು ಎರಡು ಗುರುತುಗಳು: ತಲೆಯ ಮೇಲೆ ಇಂಗ್ಲಿಷಿನ ‘ವೈ’ ಅಕ್ಷರವನ್ನು ತಲೆಕೆಳಗು ಮಾಡಿದಂತಹ ಬಿಳಿಗೆರೆ, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ತಂತ್ರಾಂಶಕ್ಕೆ ‘ಮೆಕ್ಕೆಜೋಳದ ಹುಳು’ ಎಂದು ಬರೆದರೆ ಅದು ಹುಳುವಿನಂತೆ ಕಾಣುವ ಹುಳುವನ್ನು ಬಿಡಿಸುತ್ತದೆ. ಈ ಗುರುತುಗಳನ್ನು ಯಥಾವತ್ತಾಗಿ ತೋರಿಸುವ ಹೊಣೆ ಅದಕ್ಕಿಲ್ಲ. ಎಮಾಮೆಕ್ಟಿನ್ ಬೆಂಜೊಯೇಟ್ ಔಷಧಿಯನ್ನು ಲೀಟರಿಗೆ 0.4 ಗ್ರಾಂ ಬೆರೆಸಿ, ಸುಳಿಯೊಳಗೆ ಇಳಿಯುವಂತೆ ಸಿಂಪಡಿಸಬೇಕು ಎಂಬುದು ಶಿಫಾರಸು. ಚಿತ್ರದ ಮಾತಿನಲ್ಲಿ ಆ ಚುಕ್ಕೆಯೊಂದು ಜಾರಿ 4 ಗ್ರಾಂ ಆದರೆ ವಿಷ ಹತ್ತು ಪಟ್ಟಾಗುತ್ತದೆ. ಎಲೆಯ ಮೇಲ್ಮೈಗೆ ಮಾತ್ರ ಸಿಂಪಡಿಸುವಂತೆ ತೋರಿಸಿದರೆ ಹಣವೂ ಹೋಗುತ್ತದೆ, ಬೆಳೆಯೂ ಹೋಗುತ್ತದೆ. ತಪ್ಪು ಹೇಳಿದ ಅಧಿಕಾರಿಯನ್ನು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಪ್ರಶ್ನಿಸಬಹುದು. ಹೆಸರಿಲ್ಲದ ವಿಡಿಯೊವನ್ನು ಯಾರ ಬಳಿ ಪ್ರಶ್ನಿಸುವುದು?

ಕಾಡುಪ್ರಾಣಿಗಳ ವಿಷಯದಲ್ಲಿ ಅಪಾಯ ಇನ್ನೂ ಸಮೀಪದ್ದು. 2025ರ ಕೊನೆಯ ತಿಂಗಳುಗಳಲ್ಲಿ ಎರಡು ವಿಡಿಯೊಗಳು ದೇಶದಾದ್ಯಂತ ಹರಿದಾಡಿದವು. ಮಧ್ಯಪ್ರದೇಶದ ಪೆಂಚ್ ಬಳಿ ಕುಡಿದ ವ್ಯಕ್ತಿಯೊಬ್ಬ ರಸ್ತೆಯಲ್ಲಿ ಹುಲಿಯ ತಲೆ ಸವರಿ ಮದ್ಯ ಕುಡಿಸಲು ಹೋದಂತೆ ಒಂದು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬ್ರಹ್ಮಪುರಿಯ ಅರಣ್ಯ ಅತಿಥಿಗೃಹದಲ್ಲಿ ಹುಲಿಯು ಮನುಷ್ಯನನ್ನು ಎಳೆದೊಯ್ದಂತೆ ಇನ್ನೊಂದು. ಎರಡೂ ಕೃತಕ ಬುದ್ಧಿಮತ್ತೆಯ ಸೃಷ್ಟಿಗಳೆಂದು ಅನಂತರ ತಿಳಿಯಿತು. ಮೊದಲನೆಯದು ಪ್ರಾಣಿಯ ಭಯವನ್ನು ಅಳಿಸುತ್ತದೆ, ಎರಡನೆಯದು ಇಲ್ಲದ ಭಯವನ್ನು ಬಿತ್ತುತ್ತದೆ. ಎರಡೂ ಮಾರಕ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ 2013ರಲ್ಲಿ ಕರಡಿ ಧಾಮ ಘೋಷಣೆಯಾಯಿತು. ಅಲ್ಲಿನ ಕಲ್ಲುಗುಡ್ಡಗಳ ಗವಿಗಳಲ್ಲಿ ವಾಸಿಸುವ ಕರಡಿಗೂ, ಅದೇ ಗುಡ್ಡದ ಬುಡದಲ್ಲಿ ಶೇಂಗಾ ಬಿತ್ತುವ ರೈತನಿಗೂ ತಲೆತಲಾಂತರದ ಒಡನಾಟವಿದೆ. ಗೆದ್ದಲು, ಇರುವೆ, ಜೇನು, ಕಾರೆ, ಬಾರೆ, ಸೀತಾಫಲ ಇವು ಅದರ ಆಹಾರ. ಮುಸ್ಸಂಜೆ ಮತ್ತು ನಸುಕಿನಲ್ಲಿ ಅದರ ಓಡಾಟ ಹೆಚ್ಚು. ಬೆನ್ನ ಮೇಲೆ ಮರಿ ಹೊತ್ತ ತಾಯಿ ಹತ್ತಿರ ಹೋದವರ ಮೇಲೆ ಎರಗುತ್ತದೆ. ಈ ತಿಳಿವಳಿಕೆಯಿಂದಲೇ ಜನ ಬದುಕಿದ್ದಾರೆ, ಕರಡಿಯೂ ಉಳಿದಿದೆ. ಇಂತಹ ಕಡೆ ‘ನಿನ್ನೆ ರಾತ್ರಿ ನಮ್ಮೂರ ಹೊಲದಲ್ಲಿ’ ಎಂಬ ಶೀರ್ಷಿಕೆಯೊಡನೆ ಕೃತಕ ಕರಡಿಯ ದಾಳಿಯೊಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಡಿದರೆ ಏನಾದೀತು? ಕಟಾವಿಗೆ ಬಂದ ಹೊಲಕ್ಕೆ ಆಳುಗಳು ಹೋಗುವುದಿಲ್ಲ. ಇಲ್ಲವೇ ದೊಣ್ಣೆ, ಬೆಂಕಿ ಹಿಡಿದ ಗುಂಪು ಗುಡ್ಡ ಏರುತ್ತದೆ. ಅಂತಹ ಗುಂಪಿನ ಎದುರು ಸಿಕ್ಕುವುದು ಮಾತ್ರ ಕೃತಕ ಕರಡಿಯಲ್ಲ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಮಾತೂ ಇದೇ. 98.76 ಹೆಕ್ಟೇರಿನ ಆ ಹಳೆಯ ಕೆರೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣಗಳ ಪಟ್ಟಿಯಲ್ಲಿ ಪ್ರಕಟವಾಯಿತು. ನೀರಿನಲ್ಲಿ ನಿಂತ ಜಾಲಿಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಎಣಿಸಿ, ಬರೆದಿಟ್ಟು, ವರ್ಷವರ್ಷವೂ ಹೋಲಿಸಿದ್ದರಿಂದ ಈ ಮಾನ್ಯತೆ ಸಾಧ್ಯವಾಯಿತು. ಅಲ್ಲಿ ಎಂದೂ ಇಳಿಯದ ಹಕ್ಕಿಯೊಂದನ್ನು ಚೆಂದಕ್ಕೆಂದು ಚಿತ್ರದಲ್ಲಿ ಇಳಿಸಿದರೆ, ಆ ದಾಖಲೆಗಳ ಪುಸ್ತಕಕ್ಕೆ ಸುಳ್ಳು ಪುಟ ಹೊಲಿದಂತಾಗುತ್ತದೆ.

ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕವನ್ನೂ ಇಲ್ಲಿ ನೆನೆಯಬೇಕು. ಭರತ ಹುಣ್ಣಿಮೆಯ ಬಳಿಕ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಅನಂತರ ಬರುವ ಒಂದೇ ವಾಕ್ಯದಲ್ಲಿ ಮಳೆ ಬೆಳೆಯ ಸೂಚನೆಯನ್ನು ರೈತರು ಅರಸುತ್ತಾರೆ. ವಿಜ್ಞಾನದ ದೃಷ್ಟಿಯಲ್ಲಿ ಅದರ ಬೆಲೆಯೇನು ಎಂಬುದು ಬೇರೆ ಚರ್ಚೆ. ಆದರೆ ಆ ಮಾತಿಗೆ ಒಂದು ಭದ್ರತೆಯಿದೆ: ಅಷ್ಟು ಜನ ಒಟ್ಟಿಗೆ, ಒಂದೇ ಹೊತ್ತಿನಲ್ಲಿ, ಕಿವಿಯಾರೆ ಕೇಳಿರುತ್ತಾರೆ, ಯಾರೂ ಅದನ್ನು ಸುಲಭವಾಗಿ ತಿರುಚಲಾರರು. ನಾಳೆ ಯಾರೋ ಬೇರೊಂದು ವಾಕ್ಯವನ್ನು ಗೊರವಯ್ಯನ ಬಾಯಲ್ಲಿ ಇರಿಸಿ ವಿಡಿಯೊ ಹರಿಬಿಟ್ಟರೆ, ಅದನ್ನು ತಡೆಯುವುದು ಅಲ್ಲಿ ನಿಂತು ಕೇಳಿದವರ ಸಾಕ್ಷ್ಯವೇ ಹೊರತು ಮತ್ತೊಂದು ತಂತ್ರಾಂಶವಲ್ಲ.

ಕಾನೂನು ಸುಮ್ಮನೆ ಕುಳಿತಿಲ್ಲ. ಕೇಂದ್ರ ಸರ್ಕಾರವು ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ 2026ರ ಫೆಬ್ರವರಿ 10ರಂದು ತಿದ್ದುಪಡಿ ಪ್ರಕಟಿಸಿತು. ಅದು ಫೆಬ್ರವರಿ 20ರಿಂದ ಜಾರಿಗೆ ಬಂದಿತು. ಕೃತಕವಾಗಿ ಸೃಷ್ಟಿಸಿದ, ನೈಜವೆಂಬ ಭ್ರಮೆ ಹುಟ್ಟಿಸುವ ಚಿತ್ರ ಮತ್ತು ಧ್ವನಿಗಳಿಗೆ ಎದ್ದುಕಾಣುವ ಗುರುತು ಕಡ್ಡಾಯವಾಗಿದೆ. ಅಕ್ರಮ ವಿಷಯವನ್ನು ಆದೇಶ ಬಂದ ಮೂರು ಗಂಟೆಗಳಲ್ಲಿ ತೆಗೆಯಬೇಕಾಗಿದೆ. ಇದು ಸ್ವಾಗತಾರ್ಹ. ಆದರೆ ವಿಡಿಯೊವನ್ನು ಕತ್ತರಿಸಿ, ಪರದೆಯಿಂದ ಮರುಚಿತ್ರೀಕರಿಸಿ ಗುಂಪಿನಿಂದ ಗುಂಪಿಗೆ ಸಾಗಿಸುವಾಗ ಗುರುತು ಕಳಚಿಹೋಗಬಹುದು. ಕಾನೂನಿನ ಕೈ ತಲುಪುವ ಮೊದಲೇ ವದಂತಿಯ ಕಾಲು ಓಡಿರುತ್ತದೆ.

ಪರಿಸರವಾದಿಗಳಾದ ನಾವು ಇನ್ನೊಂದು ಲೆಕ್ಕವನ್ನೂ ಮರೆಯುವಂತಿಲ್ಲ. ಈ ಚಿತ್ರಗಳು ಗಾಳಿಯಲ್ಲಿ ಹುಟ್ಟುವುದಿಲ್ಲ, ದತ್ತಾಂಶ ಕೇಂದ್ರಗಳ ಗಣಕಗಳಲ್ಲಿ ಹುಟ್ಟುತ್ತವೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಸುಮಾರು 415 ಶತಕೋಟಿ ಯೂನಿಟ್ ವಿದ್ಯುತ್ ಬಳಸಿದವು. ಇದು ಜಗತ್ತಿನ ಒಟ್ಟು ಬಳಕೆಯ ಶೇ. 1.5ರಷ್ಟು. 2030ರ ವೇಳೆಗೆ ಇದು ಎರಡು ಪಟ್ಟಿಗೂ ಮಿಗಿಲಾಗಿ ಬೆಳೆಯುವ ನಿರೀಕ್ಷೆಯಿದೆ. ಎಲ್ಲವೂ ವಿಡಿಯೊ ತಯಾರಿಕೆಗೆ ಹೋಗುತ್ತದೆಂದಲ್ಲ. ಆದರೆ ಎದುರಿಗೇ ಇರುವ ಗುಡ್ಡವನ್ನು ಮೊಬೈಲಿನಲ್ಲಿ ಚಿತ್ರೀಕರಿಸದೆ, ದೂರದ ಗಣಕಕ್ಕೆ ಹೇಳಿ ಗುಡ್ಡ ಬಿಡಿಸಿಕೊಳ್ಳುವುದು ಯಾವ ಉಳಿತಾಯ?

ಹಾಗಾದರೆ ಈ ಸಾಧನಕ್ಕೆ ನಮ್ಮಲ್ಲಿ ಸ್ಥಾನವೇ ಇಲ್ಲವೇ? ಇದೆ, ಆದರೆ ಅದು ಸೀಮಿತ. ಕ್ಯಾಮೆರಾ ಕಾಣಲಾರದ ಸಂಗತಿಗಳನ್ನು ವಿವರಿಸಲು ಅದನ್ನು ಬಳಸಬಹುದು. ಶೇಂಗಾದ ಹೂ ನೆಲದ ಮೇಲೆ ಅರಳಿ, ಸೂಜಿಯಂಥ ಕುಡಿ ಮಣ್ಣಿಗೆ ಇಳಿದು, ಒಳಗೆ ಕಾಯಿ ಕಟ್ಟುವ ಬಗೆಯನ್ನು ಯಾವ ಮೊಬೈಲೂ ಹಿಡಿಯಲಾರದು. ಆ ಹೊತ್ತಿಗೆ ಮಣ್ಣು ಸಡಿಲವಾಗಿರಬೇಕು, ಜಿಪ್ಸಂ ಕೊಡಬೇಕು ಎಂಬುದರ ಕಾರಣ ಆ ಚಿತ್ರದಿಂದ ಮಕ್ಕಳಿಗೂ ತಿಳಿಯುತ್ತದೆ. ಬದುವಿನ ಬಳಿ ಇಂಗಿದ ನೀರು ಕಲ್ಲಿನ ಬಿರುಕುಗಳಲ್ಲಿ ಸಾಗಿ ಕೊಳವೆಬಾವಿ ತಲುಪುವ ಬಗೆಯೂ ಹಾಗೆಯೇ. ಇವು ಪಾಠದ ಚಿತ್ರಗಳು. ಶಾಲೆಯ ಗೋಡೆಯ ನಕ್ಷೆಯಂತೆ. ನಕ್ಷೆಯನ್ನು ಯಾರೂ ಊರೆಂದು ತಿಳಿಯುವುದಿಲ್ಲ. ಈ ಚಿತ್ರಗಳೂ ಅಷ್ಟೇ ಸ್ಪಷ್ಟವಾಗಿರಬೇಕು.

ಆದುದರಿಂದ ನಮ್ಮ ಬಳಗವು ಈ ಕೆಳಗಿನ ನಿಯಮಗಳನ್ನು ಪಾಲಿಸುವುದು ಸೂಕ್ತವೆಂದು ನಮ್ಮ ಅಭಿಪ್ರಾಯ.

ಮೊದಲನೆಯದಾಗಿ, ನಡೆದ ಘಟನೆ, ಇರುವ ಸ್ಥಳ, ಬದುಕಿರುವ ವ್ಯಕ್ತಿ ಮತ್ತು ಕಾಡುಪ್ರಾಣಿ, ಈ ನಾಲ್ಕನ್ನು ಕೃತಕವಾಗಿ ಸೃಷ್ಟಿಸಕೂಡದು. ಎರಡನೆಯದಾಗಿ, ವಿವರಣೆಗಾಗಿ ತಯಾರಿಸಿದ ಚಿತ್ರದಲ್ಲಿ ಆರಂಭದಿಂದ ಕೊನೆಯವರೆಗೆ ‘ಇದು ಯಂತ್ರ ಬಿಡಿಸಿದ ಚಿತ್ರ’ ಎಂಬ ಕನ್ನಡದ ಸಾಲು ಪರದೆಯ ಮೇಲಿರಬೇಕು. ವಿಷಯ ಬಲ್ಲವರೊಬ್ಬರು ಪರಿಶೀಲಿಸಿ ಹೆಸರು ಹಾಕಬೇಕು. ಮೂರನೆಯದಾಗಿ, ನೈಜ ವಿಡಿಯೊ ತೆಗೆದವರು ಊರು, ದಿನಾಂಕ, ವೇಳೆ ಮತ್ತು ತಮ್ಮ ಹೆಸರನ್ನು ಚಿತ್ರದಲ್ಲಿಯೇ ಬಾಯಿಮಾತಿನಲ್ಲಿ ಹೇಳಬೇಕು. ಮೂಲ ಕಡತವನ್ನು ಕತ್ತರಿಸದೆ, ಅಳಿಸದೆ ಕಾಯ್ದಿಡಬೇಕು. ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿದ ಪ್ರತಿ ಮೂಲವಲ್ಲ; ಅದು ಕುಗ್ಗಿ, ಒಳಗಿನ ವಿವರಗಳನ್ನು ಕಳೆದುಕೊಂಡಿರುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಸೆಕ್ಷನ್ನಿನಂತೆ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕಾಗುತ್ತದೆ. ನಾಳೆ ನ್ಯಾಯಾಲಯದಲ್ಲಿ ನಿಲ್ಲುವುದು ಅಂತಹ ದಾಖಲೆಯೇ. ನಾಲ್ಕನೆಯದಾಗಿ, ಪ್ರಾಣಿದಾಳಿಯ ವಿಡಿಯೊ ಬಂದರೆ, ಊರಿನ ಹೆಸರು ಹಿಡಿದು ಅಲ್ಲಿನ ಪರಿಚಿತರಿಗೆ ಅಥವಾ ಅರಣ್ಯ ಸಿಬ್ಬಂದಿಗೆ ಕರೆಮಾಡಿ ಖಚಿತಪಡಿಸಿಕೊಳ್ಳುವವರೆಗೆ ಮುಂದಕ್ಕೆ ಕಳುಹಿಸಕೂಡದು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಮಾತು. ನಿಮ್ಮಲ್ಲಿ ಕ್ಯಾಮೆರಾ ಇಲ್ಲವೆಂಬ ಮಾತು ಪೂರ್ಣ ನಿಜವಲ್ಲ. 2006ರಲ್ಲಿ ಆ ಹಳ್ಳಿಗಳಲ್ಲಿ ಬಳಸಿದ ಕ್ಯಾಮೆರಾಕ್ಕಿಂತ ಉತ್ತಮವಾದುದು ಇಂದು ನಿಮ್ಮ ಜೇಬಿನಲ್ಲಿಯೇ ಇದೆ. ಚಿತ್ರೀಕರಿಸಬೇಕಾದದ್ದೂ ಕಣ್ಣೆದುರಿಗಿದೆ. ಹಡಗಲಿಯಲ್ಲಿ ನಸುಕಿನಲ್ಲೆದ್ದು ಮಲ್ಲಿಗೆ ಮೊಗ್ಗು ಬಿಡಿಸುವ ಹೆಣ್ಣುಮಕ್ಕಳು, ಹರಪನಹಳ್ಳಿಯ ಉಚ್ಚಂಗಿದುರ್ಗದ ಬಂಡೆಗಳ ನಡುವಿನ ನೀರಿನ ಹೊಂಡಗಳು, ಕೂಡ್ಲಿಗಿಯ ಕೂರಿಗೆ ಬಿತ್ತನೆ, ಕೊಟ್ಟೂರಿನ ಸಂತೆಗೆ ಬರುವ ನಾಟಿ ಬೀಜಗಳು, ಅಂಕಸಮುದ್ರದಲ್ಲಿ ಗೂಡಿಗೆ ಕಡ್ಡಿ ತರುವ ಕೊಕ್ಕರೆ, ಇವುಗಳಲ್ಲಿ ಎಷ್ಟನ್ನು ನಾವು ದಾಖಲಿಸಿದ್ದೇವೆ? ನಾವು ದಾಖಲಿಸದಿದ್ದರೆ, ಮುಂದೊಂದು ದಿನ ನಮ್ಮ ಸೀಮೆ ಹೇಗಿತ್ತೆಂದು ಮೊಮ್ಮಕ್ಕಳು ಯಂತ್ರವನ್ನೇ ಕೇಳಬೇಕಾದೀತು. ನಾವು ಏನನ್ನೂ ಉಣಿಸದ ಯಂತ್ರ ಎಲ್ಲಿಯದೋ ಗುಡ್ಡವನ್ನು ತೋರಿಸಿ ಇದೇ ನಿಮ್ಮದು ಎಂದೀತು.

ಮುಂದಿನ ಸಂಚಿಕೆಯ ಹೊತ್ತಿಗೆ ಐದೂ ತಾಲ್ಲೂಕುಗಳಿಂದ ತಲಾ ಎರಡು ಕಿರುಚಿತ್ರಗಳನ್ನು ಒಟ್ಟುಗೂಡಿಸುವ ಉದ್ದೇಶವಿದೆ. ಐದು ನಿಮಿಷ ಮೀರದಿರಲಿ. ಮಾತು ನಿಮ್ಮ ಊರಿನದೇ ಇರಲಿ. ಗಾಳಿಯ ಸದ್ದು, ಕುರಿಯ ಕೂಗು ಸೇರಿದರೂ ಚಿಂತೆಯಿಲ್ಲ. ಒಂದು ಷರತ್ತು ಮಾತ್ರ: ನೋಡಿದವರು ‘ಇವರು ಯಾರು, ಯಾವ ಊರಿನವರು?’ ಎಂದು ಕೇಳಿದರೆ ಉತ್ತರ ಸಿದ್ಧವಿರಬೇಕು.